ಕೋರಂ

"ಗೌರವಾನ್ವಿತ ಸದಸ್ಯರಾದ ಕೊಟ್ರೇಶ್ ಅವರು ತಮ್ಮ ಓಟನ್ನು ತಂಗಿಯ ಕೈಲಿ ಹಾಕಿಸಿದ್ದಾರೆ. ನಿಯಮ ಹದಿನಾಲ್ಕರ ಪ್ರಕಾರ ಸದಸ್ಯರ ಜಾಗದಲ್ಲಿ ಸದಸ್ಯರೇ ಕೂರಬೇಕು, ಸದಸ್ಯರೇ ಮಾತಾಡಬೇಕು. ಅವರನ್ನು ಸದನದಿಂದ ಹೊರಗೆ ಹಾಕಿದ್ದೇನೆ."

ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದ ಮಾರುತೇಶ್ ಹೀಗೆ ಹೇಳಿ ಮೇಜು ಗುದ್ದಿದ. ಹೆಂಡತಿ ಜಯಶೀಲಾ ಆಗತಾನೇ ತಂದಿಟ್ಟ ಟೀ ತುಳುಕಿತು. ಹೊಳಲ್ಕೆರೆಯ ಆ ಕೊಟ್ರೇಶ್ ಅತ್ತೆಮನೆಗೆ ಹೋಗುವಾಗ, ಪಾಪ, ನನ್ನ ಬದಲು ಒಂದು ಬಟನ್ ಒತ್ತಿಬಿಡು ಎಂದು ತಂಗಿಗೆ ಹೇಳಿ ಹೋಗಿದ್ದನಂತೆ. ಅಷ್ಟಕ್ಕೇ ಗಡೀಪಾರು.

ಊರು ಕಟ್ಟುವ ಆನ್‌ಲೈನ್ ಆಟ ಅದು. ಅದನ್ನು ಆಡುವ ದುರ್ಗದ ಸೀಮೆಯ ನಲವತ್ತೊಂದು ಜನ ಸೇರಿ 'ಏಳುಸುತ್ತಿನ ಗಣರಾಜ್ಯ' ಎಂದು ಸರ್ಕಾರ ಮಾಡಿಕೊಂಡಿದ್ದರು. ದೇಶಕ್ಕೆ ಹಿಡಿ ಮಣ್ಣಿಲ್ಲ, ಸಂವಿಧಾನ ಮಾತ್ರ ಅರವತ್ತು ಪುಟ. ಇಲ್ಲದ ಊರಿನ ಇಲ್ಲದ ಬೀದಿಗೆ ದೀಪ ಹಾಕಬೇಕೆಂದರೂ ಮಸೂದೆ ಮಂಡಿಸಬೇಕು, ಮೂರು ಸಲ ಓದಬೇಕು, ತಿದ್ದುಪಡಿ ಕೇಳಬೇಕು, ಕೋರಂ ಇದೆಯೋ ಇಲ್ಲವೋ ಎಂದು ತಲೆ ಎಣಿಸಬೇಕು. ಇಷ್ಟಕ್ಕೂ ಸ್ಪೀಕರ್ ನಮ್ಮ ಮಾರುತೇಶ್. ಮನೆಗೆ ಗ್ಯಾಸ್ ಬುಕ್ ಮಾಡು ಎಂದರೆ ನಾಲ್ಕು ದಿನ ಮರೆಯುವ ಮನುಷ್ಯನಿಗೆ ಆ ಅರವತ್ತು ಪುಟವೂ ಬಾಯಿಪಾಠ.

"ರೀ, ಹನ್ನೊಂದಕ್ಕೆ ಪಂಚಾಯ್ತಿ ಮೀಟಿಂಗ್ ಐತೆ," ಎಂದಳು ಜಯಶೀಲಾ. "ಹಟ್ಟಿ ನೀರಿನ ವಿಷ್ಯ ಇವತ್ತೇ ಬರೋದು."

"ನನ್ ಮೇಲೆ ಅವಿಶ್ವಾಸ ತಂದವ್ರೆ ಕಣೆ. ಈಗ ಎದ್ರೆ ಸ್ಪೀಕರ್ ಕುರ್ಚಿನೇ ಹೋಗ್ತೈತೆ. ನೀನೇ ಹೋಗಿ ಸೈನ್ ಹಾಕಿ ಬಾ. ಅಲ್ಲೇನೂ ಮಾತಾಡ್ಬೇಡ. ಹಟ್ಟಿ ವಿಷ್ಯ ಮುಂದಿನ ತಿಂಗ್ಳು ನೋಡಾಣ ಅನ್ನು."

ಪಂಚಾಯಿತಿ ಅಧ್ಯಕ್ಷೆ ಜಯಶೀಲಾ. ಆದರೆ 'ಅಧ್ಯಕ್ಷರೇ' ಎಂದು ಊರು ಕೈಮುಗಿಯುತ್ತಿದ್ದುದು ಮಾರುತೇಶನಿಗೆ. ಎರಡು ವರ್ಷದಿಂದ ಸಭೆಗೆ ಹೋಗುತ್ತಿದ್ದವನೂ ಅವನೇ. ಸಂಜೆ ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ಇವಳು ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದಳು. ಇವತ್ತು ಮಾತ್ರ 'ಮುಂದಿನ ತಿಂಗಳು' ಎಂಬ ಮಾತಿಗೆ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕುರಿಹಟ್ಟಿಯ ಹೆಂಗಸರು ಒಂದು ಕೊಡ ನೀರಿಗೆ ಎರಡು ಮೈಲಿ ನಡೆಯುತ್ತಿದ್ದರು. ಹೊಸ ಕೊಳವೆಬಾವಿಯ ಪೈಪನ್ನು ಹಟ್ಟಿಗೆ ಎಳೆಯಬೇಕೋ, ಪಾಪಣ್ಣ ಮಾರಲು ಇಟ್ಟಿರುವ ಸೈಟುಗಳ ಕಡೆಗೆ ಎಳೆಯಬೇಕೋ ಎಂಬುದೇ ಇವತ್ತಿನ ವಿಷಯ. ಪಾಪಣ್ಣ ಎಂದರೆ ಇನ್ನೊಬ್ಬ ಸದಸ್ಯೆ ನೇತ್ರಾವತಿಯ ಗಂಡ. ತಿಂಗಳು ಬಿಟ್ಟರೆ ಅವನು ನೆಲ ಅಗೆಸಿ ಪೈಪು ಹೂಳಿಸಿ ಕೈ ತೊಳೆದುಕೊಂಡಿರುತ್ತಾನೆ.

ಸಭೆಯಲ್ಲಿ ಮೂವರು ಗಂಡಸು ಸದಸ್ಯರಿದ್ದರು. ಮೂರು ಕುರ್ಚಿ ಖಾಲಿ. ಇನ್ನಾರು ಕುರ್ಚಿಗಳಲ್ಲಿ ಆರು ಸದಸ್ಯೆಯರ ಗಂಡಂದಿರು ಕಾಲ ಮೇಲೆ ಕಾಲು ಹಾಕಿಕೊಂಡಿದ್ದರು. ಪಿಡಿಒ ಶಿವಕುಮಾರಪ್ಪ ಅವಳ ಬೆನ್ನ ಹಿಂದೆ ಇಣುಕಿ, "ಸಾರ್ ಬರ್ಲಿಲ್ವಾ ಮೇಡಂ?" ಎಂದರು.

"ಅಧ್ಯಕ್ಷರು ಬಂದಿದೀನಲ್ರಿ." ಅವಳು ನೇರ ಹೋಗಿ ನಡುವಿನ ಕುರ್ಚಿಯಲ್ಲಿ ಕೂತಳು. "ಸದಸ್ಯರಲ್ಲದೋರು ಹೊರಗೆ ಕುಂತ್ಕಳ್ರಿ."

ಪಾಪಣ್ಣ ನಕ್ಕ. "ಏನಮ್ಮ, ಇದೆಲ್ಲಾ ಯಾವಾಗ ಕಲ್ತೆ?"

"ಮನೇಲಿ ದಿನಾ ಕೇಳಿಸ್ಕಂತೀನಲ್ಲ. ಸದಸ್ಯರ ಜಾಗ್ದಾಗೆ ಸದಸ್ಯರೇ ಕುಂತ್ಕಬೇಕಂತೆ. ನಮ್ಮನೆಯವ್ರು ಈಗಿನ್ನೂ ಒಬ್ಬನ್ನ ಹೊರಗೆ ಹಾಕಿದ್ರು."

ಗಂಡಂದಿರು ಗೊಣಗುತ್ತ ಎದ್ದರು. ಪಾಪಣ್ಣ ದೂರ ಹೋಗಲಿಲ್ಲ, ಜಗಲಿಯ ಕಡೆಯ ಕಿಟಕಿಯ ಸರಳು ಹಿಡಿದು ನಿಂತ. ಶಿವಕುಮಾರಪ್ಪ ಉಳಿದವರನ್ನು ಎಣಿಸಿದರು. "ನಾಲ್ಕೇ ಜನ ಮೇಡಂ. ಹದಿಮೂರಕ್ಕೆ ಐದಾದ್ರೂ ಇರ್ಬೇಕು. ಕೋರಂ ಇಲ್ಲ, ಮುಂದಕ್ಕೆ ಹಾಕಾಣ." ಎರಡು ವರ್ಷ ಗಂಡಂದಿರ ತಲೆಗಳನ್ನೇ ಎಣಿಸಿ ಕೋರಂ ತುಂಬಿಸಿದ ಮಹಾನುಭಾವರಿಗೆ ಇವತ್ತು ಕಾನೂನು ನೆನಪಾಗಿತ್ತು.

"ಕೋರಂ ಇಲ್ಲಾಂದ್ರೆ ಗಂಟೆ ಹೊಡ್ದು ಕರೀತಾರೆ. ನಮ್ಮತ್ರ ಗಂಟೆ ಇಲ್ಲ, ಫೋನ್ ಐತೆ," ಎಂದು ಜಯಶೀಲಾ ನೇತ್ರಾವತಿಗೆ ಫೋನ್ ಮಾಡಿದಳು. ಅವಳ ಮನೆ ಪಂಚಾಯಿತಿ ಕಟ್ಟಡದ ಹಿಂದೆಯೇ. ಪಾತ್ರೆ ತೊಳೆಯುತ್ತಿದ್ದ ಕೈಯನ್ನೂ ಸರಿಯಾಗಿ ಒರೆಸಿಕೊಳ್ಳದೆ ಓಡಿ ಬಂದಳು.

"ಎಲ್ಲಿ ಸೈನ್ ಹಾಕ್ಲಿ ಅಕ್ಕಾ?"

"ಸೈನ್ ಆಮೇಲೆ. ಮೊದ್ಲು ಕುಂತ್ಕ."

ನೇತ್ರಾವತಿ ಕುರ್ಚಿಯ ತುದಿಯಲ್ಲಿ ಕೂತಳು. ಸದಸ್ಯೆಯಾಗಿ ಎರಡು ವರ್ಷಕ್ಕೆ ಆ ಕುರ್ಚಿ ಅವಳನ್ನು ಕಂಡದ್ದು ಅವತ್ತೇ. ಅವಳು ಹುಟ್ಟಿ ಬೆಳೆದದ್ದು ಕುರಿಹಟ್ಟಿಯಲ್ಲಿ. ಅವಳ ತಾಯಿ ಈಗಲೂ ಆ ಎರಡು ಮೈಲಿ ಕೊಡ ಹೊತ್ತು ನಡೆಯುತ್ತಿದ್ದಳು.

ಜಯಶೀಲಾ ವಿಷಯವನ್ನು ಎಲ್ಲರಿಗೂ ಕೇಳುವಂತೆ ಓದಿದಳು. "ಪೈಪು ಹಟ್ಟಿಗೆ ಹೋಗ್ಲಿ ಅನ್ನೋರು ಕೈ ಎತ್ರಿ," ಎಂದು ತಾನೇ ಮೊದಲು ಎತ್ತಿದಳು. ಹಿರಿಯ ಸದಸ್ಯ ದೊಡ್ಡತಿಮ್ಮಪ್ಪ ಎತ್ತಿದರು. ಪಾಪಣ್ಣನ ಕಡೆಯ ಇಬ್ಬರು ಕೈಕಟ್ಟಿ ಕೂತರು. ಉಳಿದದ್ದು ಒಂದೇ ಕೈ.

ನೇತ್ರಾವತಿಯ ಕೈ ಮಡಿಲಿನಿಂದ ಅರ್ಧ ಮೇಲೆದ್ದಿತ್ತು. ಅಷ್ಟರಲ್ಲಿ ಅವಳು ಕಿಟಕಿಯತ್ತ ನೋಡಿದಳು. ಸರಳುಗಳ ಆಚೆ ಪಾಪಣ್ಣ ನಿಧಾನವಾಗಿ ತಲೆ ಅಡ್ಡಡ್ಡ ಆಡಿಸುತ್ತಿದ್ದ. ಕೈ ಅಲ್ಲೇ ನಿಂತಿತು.

ಜಯಶೀಲಾ ಎದ್ದು ಹೋಗಿ ಕಿಟಕಿ ಮುಚ್ಚಿದಳು.