ಸರ್ವಪಕ್ಷ ರಕ್ಷಣಾ ಯೋಜನೆ

ಅದೊಂದು ಪುಟ್ಟ ದೇಶ. ಹನ್ನೆರಡು ವರ್ಷಗಳ ರಕ್ಷಣಾ ಯೋಜನೆಗೆ ಎಲ್ಲ ಪಕ್ಷಗಳೂ ಸಹಿ ಹಾಕಬೇಕಿತ್ತು. ಸಭೆಯಲ್ಲಿ ರಕ್ಷಣಾ ಮಂತ್ರಿ ಕಾಲರ್ ಎತ್ತಿ ಮೈಕು ಹಿಡಿದರು.

"ನಮ್ಮ ಗಡಿಗೆ ಕಾಲಿಟ್ರೆ ಕಾಲಿರಲ್ಲ, ಕಣ್ಣಿಟ್ರೆ ಕಣ್ಣಿರಲ್ಲ!"

ಚಪ್ಪಾಳೆ ನಿಲ್ಲುವವರೆಗೆ ಕಾದು ಸೇನಾಪತಿ ಎದ್ದು ನಿಂತ.

"ಡೈಲಾಗ್ ಸೂಪರ್ ಸಾರ್. ಆದ್ರೆ ಗಡೀಲಿರೋ ನಮ್ ಹುಡುಗ್ರ ಹತ್ರ ಐದೈದೇ ಗುಂಡಿವೆ."

"ಎಲ್ಲಾ ಪ್ಲಾನ್‌ನಲ್ಲಿದೆ ಕಣ್ರೀ. ಮೊದಲ್ನೇ ವರ್ಷ ಬ್ಯಾಂಡ್‌ಸೆಟ್ಟು, ಐದನೇ ವರ್ಷ ಬೂಟು, ಹನ್ನೊಂದನೇ ವರ್ಷ ಗುಂಡು."

"ಶತ್ರು ನಾಳೆನೇ ನುಗ್ಗಿದ್ರೆ?"

"ಎಷ್ಟೊತ್ತು ತಡೀತೀರಾ?"

"ಮುಕ್ಕಾಲು ಗಂಟೆ ಸಾರ್. ಆಮೇಲೆ ಒಬ್ಬ ಹುಡುಗನೂ ಉಳಿಯಲ್ಲ."

ಮಂತ್ರಿ ಬೆರಳು ಮಡಚಿ ಲೆಕ್ಕ ಹಾಕಿದರು.

"ಸಾಕು ಬಿಡ್ರೀ. ನಮ್ಮನೆಯಿಂದ ಏರ್‌ಪೋರ್ಟು ಅರ್ಧ ಗಂಟೆ ದಾರಿ."

ವಿರೋಧ ಪಕ್ಷದ ನಾಯಕರು ಮೇಜು ಗುದ್ದಿ ಎದ್ದರು.

"ಇದನ್ನ ಒಪ್ಪೋಕೆ ಸಾಧ್ಯನೇ ಇಲ್ಲ! ಅವು ಯಾರ ಮನೆ ಮಕ್ಕಳು ಅಂದ್ಕೊಂಡಿದೀರಾ?"

ಸೇನಾಪತಿಯ ಕಣ್ಣು ತುಂಬಿ ಬಂತು. ಈ ಸಭೆಯಲ್ಲಿ ಒಬ್ಬರಾದರೂ ಮನುಷ್ಯರಿದ್ದಾರಲ್ಲ ಎಂದು ಅವರಿಗೆ ಕೈ ಮುಗಿದ.

ನಾಯಕರು ಪೆನ್ನಿನ ಮುಚ್ಚಳ ತೆಗೆದರು.

"ನಮ್ಮನೆಯಿಂದ ಒಂದು ಗಂಟೆ ಆಗತ್ತೆ. ಆ ಹುಡುಗ್ರಿಗೆ ಇನ್ನೆರಡೆರಡು ಗುಂಡು ಜಾಸ್ತಿ ಕೊಡಿ, ಈಗಲೇ ಸಹಿ ಹಾಕ್ತೀನಿ."