ಐವತ್ತು, ಅರವತ್ತು

"ಈ ವೀಡಿಯೊದಲ್ಲಿ ಕಪ್ಪು ಪಟ್ಟಿ ಜಾರ್ತಾ ಉಂಟು. ಅದನ್ನೊಂದು ತೆಗೆದು ಕೊಡಿ," ಎಂದು ಝೊಹರಾ ತನ್ನ ಫೋನನ್ನು ಮೇಜಿನ ಮೇಲಿಟ್ಟಳು.

ಮೂವತ್ತು ವರ್ಷದಿಂದ ಟಿವಿ ರಿಪೇರಿ ಮಾಡುತ್ತಿದ್ದ ಗಿಲ್ಬರ್ಟ್ ನೋಡಿದ. ಟ್ಯೂಬ್‌ಲೈಟಿನ ಕೆಳಗೆ ಕುಳಿತ ಅವಳ ಗಂಡ, "ಇಲ್ಲಿ ರಿಯಾದ್‌ನಲ್ಲಿ ಎಲ್ಲ ಚೆನ್ನಾಗುಂಟು," ಎಂದು ನಗುತ್ತಿದ್ದ. ಆ ನಗುವಿನ ಮೇಲೆ ಪಟ್ಟಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು.

ಹೇಳುವುದೋ ಬೇಡವೋ ಎಂದು ಒದ್ದಾಡಿ ಗಿಲ್ಬರ್ಟ್ ಕೊನೆಗೆ ಬಾಯಿಬಿಟ್ಟ.

"ನೋಡಿ, ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡೀತದೆ, ನಮ್ಮಲ್ಲಿ ಐವತ್ತು. ಟ್ಯೂಬ್‌ಲೈಟೂ ಅದರ ಜೊತೆಗೇ ಮಿನುಗ್ತದೆ. ಟಿವಿ ಬಂದ ಕಾಲದಲ್ಲಿ ಆ ಮಿಡಿತಕ್ಕೆ ಸರಿಯಾಗಿಯೇ ಸೆಕೆಂಡಿಗೆ ಎಷ್ಟು ಚಿತ್ರ ಅಂತ ಗೊತ್ತು ಮಾಡಿದ್ದು. ಐವತ್ತಕ್ಕೆ ಇಪ್ಪತ್ತೈದು, ಅರವತ್ತಕ್ಕೆ ಮೂವತ್ತು. ಲೈಟಿಗೂ ಚಿತ್ರಕ್ಕೂ ತಾಳೆಯಾಗದಿದ್ದರೆ ಹೀಗೆ ಪಟ್ಟಿ ಜಾರ್ತದೆ. ಈ ವೀಡಿಯೊ ಮೂವತ್ತರದ್ದು. ರಿಯಾದ್‌ನ ಲೈಟಿನಲ್ಲಿ ತೆಗೆದಿದ್ದರೆ ಪಟ್ಟಿ ಬರ್ತಿರಲಿಲ್ಲ."

"ಹಾಗಾದ್ರೆ?"

"ನಿಮ್ಮ ಗಂಡ ಸುಳ್ಳು ಹೇಳ್ತಿದ್ದಾರೆ. ಊರಿನಲ್ಲೇ ಎಲ್ಲೋ ಇದ್ದಾರೆ."

ಅವಳು ಬೆಚ್ಚಲಿಲ್ಲ.

"ಗೊತ್ತುಂಟು. ಹೋದ ತಿಂಗಳು ಆಸ್ಪತ್ರೆಯಲ್ಲಿ ನಾನೇ ತೆಗೆದದ್ದು. ಈಗ ಅವರೇ ಇಲ್ಲ. ಪಟ್ಟಿ ಮಾತ್ರ ಹೋಗ್ಲೇಬೇಕು. ಇದನ್ನು ತೋರಿಸ್ಬೇಕಾದ್ದು ಹಾಸಿಗೆ ಹಿಡಿದಿರುವ ಮಾವನಿಗೆ. ಅವರು ಟಿವಿ ಸ್ಟೇಷನ್ನಿನಲ್ಲಿ ಇಂಜಿನಿಯರ್ ಆಗಿದ್ದವರು."