ಶಶಿಯ ಪ್ರಾಯ

“ಇವಳು ನಮ್ಮ ಶಶಿ ಅಲ್ವಾ?” ಎಂದು ಹೆಂಡತಿ ಜಲಜಾಕ್ಷಿ ಬೆನ್ನ ಹಿಂದಿನಿಂದ ಕೇಳಿದಾಗ ಡ್ರಾಯಿಂಗ್ ಮಾಸ್ಟರ್ ನಿತ್ಯಾನಂದನ ಪೆನ್ಸಿಲು ಕಾಗದದ ಮೇಲೆಯೇ ನಿಂತಿತು.

ಮಂಗಳೂರಿನ ಪ್ರಕಾಶಕರೊಬ್ಬರು ಮಕ್ಕಳ ಚಿತ್ರಪುಸ್ತಕಕ್ಕೆ ಒಬ್ಬ ಹುಡುಗಿಯನ್ನು ಬರೆದುಕೊಡಲು ಹೇಳಿದ್ದರು. ಓದಲು ಬಾರದ ಮಗುವಿಗೂ ಅವಳ ಮುಖ ನೋಡಿದರೆ ಕಥೆ ತಿಳಿಯಬೇಕಂತೆ. ಅವನು ಮೂಡಬಿದಿರೆಯ ತನ್ನ ಶಾಲೆಯ ಎಷ್ಟೋ ಮಕ್ಕಳನ್ನು ನೋಡಿ ನೋಡಿ ಬರೆದಿದ್ದ. ಕಣ್ಣು, ಮೂಗು ಎಲ್ಲ ಸರಿಯಿದ್ದವು, ಜೀವವೊಂದು ಇರಲಿಲ್ಲ. ಈ ಕೆಲಸವನ್ನು ತನ್ನಂಥವನಿಗೆ ಒಪ್ಪಿಸಿದ್ದೇ ತಪ್ಪಾಯಿತೇನೋ ಎಂದುಕೊಂಡಿದ್ದ. ಇವತ್ತು ಬೆಳಿಗ್ಗೆ ಯಾವುದೋ ಗುಂಗಿನಲ್ಲಿ ಎದುರಿನ ಹಲ್ಲೊಂದನ್ನು ಬಿಟ್ಟು ಬರೆದ. ಹುಡುಗಿ ನಕ್ಕೇಬಿಟ್ಟಳು. ಆಮೇಲೆ ಮುನಿಸು, ಹೆದರಿಕೆ, ಕಳ್ಳನೋಟ ಒಂದರ ಹಿಂದೊಂದು ತಾವಾಗಿ ಬಂದವು. ಜ್ವರದಲ್ಲಿ ತೀರಿಹೋದಾಗ ಮಗಳು ಶಶಿಗೆ ಆರು ವರ್ಷ, ಎದುರಿನ ಹಲ್ಲು ಆಗಷ್ಟೇ ಬಿದ್ದಿತ್ತು.

“ಬೇರೆ ಮುಖ ಮಾಡಿ,” ಎಂದಳು ಜಲಜಾಕ್ಷಿ.

ಸತ್ತ ಮಕ್ಕಳೂ ಆಚೆ ಲೋಕದಲ್ಲಿ ಬೆಳೆದು ಪ್ರಾಯಕ್ಕೆ ಬರುತ್ತಾರೆ, ಅವರಿಗೂ ಜೋಡಿ ನೋಡಿ ಮದುವೆ ಮಾಡಿಸಬೇಕು ಎಂಬುದು ಊರಿನ ನಡಾವಳಿ. ಆ ಲೆಕ್ಕದಲ್ಲಿ ಶಶಿಗೆ ಹದಿನೆಂಟು ತುಂಬಿತ್ತು. ಶಿರ್ತಾಡಿಯ ಮನೆಯೊಂದರಲ್ಲಿ ತೊಟ್ಟಿಲಲ್ಲೇ ತೀರಿಹೋದ ಹುಡುಗನಿಗೆ ಈಗ ಇಪ್ಪತ್ತೆರಡು. ಬರುವ ಆಟಿ ತಿಂಗಳಲ್ಲಿ ಧಾರೆ ಎಂದು ಜಲಜಾಕ್ಷಿಯೇ ಹೋಗಿ ನಿಶ್ಚಯ ಮಾಡಿ ಬಂದಿದ್ದಳು.

“ಅವನ ಅಮ್ಮ ಕೇಳಿದ್ರು, ಹುಡುಗಿ ಉದ್ದವಾ ಅಂತ. ನನ್ನಷ್ಟೇ ಅಂದೆ. ನೀವು ಇಲ್ಲಿ ಫ್ರಾಕು ಹಾಕಿ ಕೂರಿಸಿದ್ರೆ ಅವಳು ಗಂಡನ ಮನೆಗೆ ಹೋಗುವುದು ಹೇಗೆ?”

“ಪುಸ್ತಕದ ಹುಡುಗಿ ಮಾರಾಯ್ತಿ. ಬರೀ ಕಾಗದ.”

“ಕಾಗದ ಆದ್ರೆ ಬೆಳಿಗ್ಗೆಯಿಂದ ಅದರ ಹತ್ರ ಮಾತಾಡ್ತಾ ಇರುವುದು ಯಾಕೆ?”

ಜಲಜಾಕ್ಷಿ ಚೀಲದಿಂದ ಹಸಿರು ರವಕೆಯ ಕಣ ತೆಗೆದು ಮೇಜಿನ ಮೇಲಿಟ್ಟಳು.

“ಧಾರೆಯ ದಿನ ಮಣೆಯ ಮೇಲೆ ಸೀರೆಯ ಜೊತೆ ಇಡ್ಲಿಕ್ಕೆ. ದರ್ಜಿ ಮೂಸಾ ಅಳತೆ ಕೇಳ್ತಾನೆ. ನಾನು ಎಂತ ಹೇಳಲಿ? ಆರು ವರ್ಷದವಳು ನಿಮಗೆ ಇಷ್ಟು ಸರಿಯಾಗಿ ಕಾಣ್ತಾಳಲ್ಲ, ಈಗ ಹೇಗಿದ್ದಾಳೆ ಅಂತಲೂ ನೋಡಿ ಬರೀರಿ.”

ಅವನು ಹೊಸ ಹಾಳೆ ತೆಗೆದ. ಮಕ್ಕಳ ಕಣ್ಣು ದೊಡ್ಡದು, ಕುತ್ತಿಗೆ ಗಿಡ್ಡ. ಪ್ರಾಯಕ್ಕೆ ಬಂದಾಗ ಮುಖ ಉದ್ದಕ್ಕೆ ಇಳಿಯುತ್ತದೆ, ಕೆನ್ನೆ ಕರಗುತ್ತದೆ. ಹಿಂದೆ ಚಿತ್ರಕಲೆಯ ಸಂಜೆ ತರಗತಿಯಲ್ಲಿ ಕಲಿತದ್ದನ್ನೆಲ್ಲ ತಪ್ಪಿಲ್ಲದೆ ಮಾಡಿದ. ಬಿದ್ದ ಹಲ್ಲಿನ ಜಾಗ ತುಂಬುವಾಗ ಮಾತ್ರ ಕೈ ಸ್ವಲ್ಪ ತಡೆಯಿತು. ತುಂಬಿದ. ಜಡೆ ಇಳಿಸಿ ಸೆರಗು ಹೊದಿಸಿದ.

ಜಲಜಾಕ್ಷಿ ಹಾಳೆಯನ್ನು ಬಾಗಿಲ ಬೆಳಕಿಗೆ ಒಯ್ದಳು. ಸೀರೆಯವಳನ್ನು ನೋಡಿದಳು. ತಿರುಗಿ, ಮೇಜಿನ ಮೇಲೆ ಹಲ್ಲುಬಿಟ್ಟು ನಗುತ್ತಿದ್ದ ಫ್ರಾಕಿನವಳನ್ನು ನೋಡಿದಳು.

“ಚೆಂದ ಇದ್ದಾಳೆ,” ಎಂದಳು. “ಯಾರ ಮನೆಯವಳೋ ಗೊತ್ತಾಗುವುದಿಲ್ಲ.”

ನಿತ್ಯಾನಂದ ತಲೆ ತಗ್ಗಿಸಿ ರಬ್ಬರು ಎತ್ತಿಕೊಂಡ. “ಆಯ್ತು, ಪುಸ್ತಕದವಳ ಮುಖ ಬದಲು ಮಾಡ್ತೇನೆ.”

ಜಲಜಾಕ್ಷಿ ಬಂದು ಫ್ರಾಕಿನವಳ ಮೇಲೆ ಅಂಗೈ ಊರಿದಳು.

“ಬೇಡ. ಶಿರ್ತಾಡಿಗೆ ಸೀರೆಯವಳನ್ನು ಕಳಿಸುವ. ಇವಳು ಇಲ್ಲೇ ಇರಲಿ.”